ಕಿಟಕಿಯ ರಬ್ಬರು

"ಅವನಿಗೆ ಹೇಳು, ಒಳಗಿನ ಅಂಚು ಕೆರೆದು ಒರೆಸೋವರೆಗೂ ನಾನು ಕಿಟಕಿ ಮುಟ್ಟಲ್ಲ," ಎಂದ ನೆವಿಲ್.

ಹೇಳಿದ್ದು ಅತ್ತಿಗೆ ಗ್ಲೆಂಡಾಳಿಗೆ. ಕೇಳಬೇಕಾದ ಅಣ್ಣ ಕ್ಲಿಫರ್ಡ್ ಎರಡೇ ಮಾರು ದೂರದಲ್ಲಿ, ಮನೆಯಂಗಳದ ಗಾಲಿಮನೆಯೊಳಗೆ, ಅಂದರೆ ಕಾರವಾನಿನೊಳಗೆ ನಿಂತಿದ್ದ. ಕಿಟಕಿ ಬಿಚ್ಚಿದ ಬಾಯಲ್ಲಿ ಅವನ ಕೆಂಪು ಮುಖ ಚೌಕಟ್ಟು ಹಾಕಿಸಿದ ಫೋಟೋದ ಹಾಗೆ ಕಾಣುತ್ತಿತ್ತು.

"ಒರೆಸಿ ಆಗಿದೆ ಅಂತ ಹೇಳು," ಎಂದ ಅವನು. ಅದೂ ಹೆಂಡತಿಗೇ.

"ಇಬ್ಬರಿಗೂ ಕಿವಿ ಕೇಳುತ್ತೆ," ಎಂದಳು ಗ್ಲೆಂಡಾ. "ನಾನೇನು ಟೆಲಿಫೋನ್ ಕಂಬ ಅಲ್ಲ. ಎರಡು ಗಂಟೆಗೆ ಮಳೆ ಅಂತ ರೇಡಿಯೋದಲ್ಲಿ ಹೇಳಿದ್ದಾರೆ. ಅಷ್ಟರೊಳಗೆ ಜಗಳಾನಾದರೂ ಮುಗಿಸಿ, ಕಿಟಕಿನಾದರೂ ಕೂಡಿಸಿ."

ಹಂಬರ್ ನದಿಯ ಕಡೆಯಿಂದ ಮೋಡ ಆಗಲೇ ಏರಿ ಬರುತ್ತಿತ್ತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಈ ಹೋಲ್ಟ್‌ಬಿ ಸಹೋದರರು ದಾಯಾದಿಗಳಷ್ಟೂ ಉಳಿದಿರಲಿಲ್ಲ. ದಾಯಾದಿಗಳಾದರೆ ಕೋರ್ಟಿನಲ್ಲಾದರೂ ಮಾತಾಡುತ್ತಾರೆ. ಇವರು ಒಂದೇ ಊರಿನಲ್ಲಿ, ಹೆಡನ್ನಿನ ಎರಡು ತುದಿಗಳಲ್ಲಿ, ಮೂವತ್ತೈದು ವರ್ಷ ಒಂದೇ ಒಂದು ಮಾತಿಲ್ಲದೆ ಬದುಕಿದ್ದರು. ಒಬ್ಬ ಬ್ರೆಡ್ ಕೊಳ್ಳಲು ಬಂದರೆ ಇನ್ನೊಬ್ಬ ಅಂಗಡಿಯ ಹೊರಗೆ ಚಳಿಯಲ್ಲಿ ಕಾಯುತ್ತಿದ್ದ.

ನೆವಿಲ್‌ಗೆ ಫೋನ್ ಮಾಡಿದ್ದು ಗ್ಲೆಂಡಾ, ಗಂಡನನ್ನು ಕೇಳದೆಯೇ. ಬೇರೆ ದಾರಿಯಿರಲಿಲ್ಲ. ಕಿಟಕಿಯ ಸುತ್ತಲಿನ ರಬ್ಬರು ಒಣಗಿ ಬಿರುಕುಬಿಟ್ಟು, ಮಳೆ ಬಂದಾಗಲೆಲ್ಲ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕ್ಲಿಫರ್ಡ್ ಶನಿವಾರ ಕಿಟಕಿಯನ್ನು ಬಿಚ್ಚಿದ್ದ. ಹೊಸ ರಬ್ಬರಿನಲ್ಲಿ ಕೂಡಿಸಲು ಒಬ್ಬನೇ ಮೂರು ಸಲ ಹೆಣಗಿದ್ದ. ಮೂರನೆಯ ಸಲ, ಗಾಜಿನ ಬದಲಿಗಿದ್ದ ಆ ಪ್ಲಾಸ್ಟಿಕ್ ಹಲಗೆ 'ಕಟಕ್' ಎಂದಿತ್ತು. ಒಡೆದಿರಲಿಲ್ಲ, ಆದರೆ ಆ ಅಳತೆಯ ಕಿಟಕಿ ಈಗ ಎಲ್ಲೂ ಸಿಗುವುದಿಲ್ಲ. ಒಡೆದರೆ ಕಾರವಾನನ್ನು ಗುಜರಿಗೆ ಎಳೆಸಬೇಕಿತ್ತು. ತೂತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸಮುದ್ರದ ಗಾಳಿ ಬೆಳಗಿನೊಳಗೆ ಚಿಂದಿ ಮಾಡಿತ್ತು. ಒಂದು ಮಳೆ ಒಳಹೊಕ್ಕರೆ ಪ್ಲೈವುಡ್ ಗೋಡೆ ನೆನೆದ ಬಿಸ್ಕತ್ತಿನಂತಾಗುವುದು ಖಂಡಿತವಿತ್ತು.

ಅದು ಅವರ ಅಪ್ಪನ ಕಾರವಾನು. ರಿಟೈರ್ ಆದಮೇಲೆ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಬೇಕೆಂದು ಮಾಡಿಸಿದ್ದು. ನೆವಿಲ್ ಕೆಲಸಕ್ಕಿದ್ದ ಹಲ್‌ನ ಕಾರ್ಖಾನೆಯಲ್ಲೇ ಅದು ತಯಾರಾಯಿತು. ಅಪ್ಪ ಅದರಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಕಾರವಾನು ಸಿದ್ಧವಾದ ವಾರವೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಜಗಳ ಹುಟ್ಟಿದ್ದೂ ಅವರು ತೀರಿಕೊಂಡ ಸಂಜೆಯೇ. ಅಪ್ಪನಿಗೆ ಉಸಿರು ಕಟ್ಟುತ್ತಿದೆ ಎಂದು ಕ್ಲಿಫರ್ಡ್ ಆರೂವರೆಗೆ ಕಾರ್ಖಾನೆಗೆ ಫೋನ್ ಮಾಡಿದ. ಎಲ್ಲರೂ ಮನೆಗೆ ಹೋಗಿ ಆಯಿತು ಎಂದು ಕಾವಲುಗಾರ ಹೇಳಿದ. ಏಳು ಐವತ್ತಕ್ಕೆ ಅಪ್ಪ ಹೋದರು. ನೆವಿಲ್ ಆಸ್ಪತ್ರೆಗೆ ಬಂದಾಗ ಒಂಬತ್ತು ಗಂಟೆ, ಬಾಯಲ್ಲಿ ಬಿಯರಿನ ವಾಸನೆ. ಕೆಲಸದಲ್ಲಿದ್ದೆ, ಮುಗಿಸಿ ಒಂದೇ ಗ್ಲಾಸು ಕುಡಿದೆ, ನನಗೆ ಯಾರೂ ಹೇಳಲಿಲ್ಲ ಎಂದ. ಕ್ಲಿಫರ್ಡ್ ನಂಬಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಟೀ ಕುಡಿಯುತ್ತಿದ್ದಾಗ, ಸೋದರತ್ತೆಯರ ಎದುರಿಗೇ, "ಅಪ್ಪ ಸಾಯ್ತಿದ್ದಾಗ ಇವನು ಪಬ್ಬಿನಲ್ಲಿದ್ದ. ಮೇಲೆ ಸುಳ್ಳು ಬೇರೆ," ಎಂದುಬಿಟ್ಟ. ನೆವಿಲ್ ಕಪ್ಪನ್ನು ಕೆಳಗಿಟ್ಟು ಹೊರಗೆ ಹೋದವನು ಮತ್ತೆ ಬಂದದ್ದು ಇವತ್ತು.

ಈಗ ಅವನು ಅಣ್ಣ ತಂದಿಟ್ಟಿದ್ದ ರಬ್ಬರನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಾವು ಹಿಡಿದವನಂತೆ ನೋಡಿದ.

"ಎಳೆದು ಹಿಡಿದು ಕತ್ತರಿಸಿದ್ದಾನೆ. ಚಳಿ ಬಿದ್ದ ಕೂಡಲೇ ಕುಗ್ಗಿ ಬಾಯಿ ಬಿಡುತ್ತೆ. ಬೆರಳಷ್ಟು ಉದ್ದ ಹೆಚ್ಚಿಗೆ ಬಿಟ್ಟು ಒತ್ತಿ ತುಂಬಬೇಕು ಅನ್ನೋದು ಎಳೆ ಮಕ್ಕಳಿಗೂ ಗೊತ್ತು."

"ಎಲ್ಲಾ ಗೊತ್ತಿರೋ ದೊಡ್ಡಮನುಷ್ಯರು ಎಲ್ಲಿಗೆ ಹೋಗಿದ್ದರು ಅಂತ ಕೇಳು," ಎಂದ ಕ್ಲಿಫರ್ಡ್.

"ಕ್ಲಿಫ್, ಕೆರಿ," ಎಂದಳು ಗ್ಲೆಂಡಾ.

ಹಲ್ಲು ಕಡಿದುಕೊಂಡು ಕ್ಲಿಫರ್ಡ್ ಕೆರೆಯತೊಡಗಿದ. ಹಳೆಯ ಅಂಟು ಕರಿ ಬೆಲ್ಲದಂತೆ ಗಟ್ಟಿಯಾಗಿ ಕೂತಿತ್ತು. ಹೊರಗೆ ನೆವಿಲ್ ತಾನು ತಂದ ರಬ್ಬರಿನ ಸುರುಳಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದುತ್ತಿದ್ದ. ಗಾಳಿ ಜೋರಾಯಿತು. ಬಿಚ್ಚಿಟ್ಟ ಕಿಟಕಿಯ ಮೇಲೆ ಗ್ಲೆಂಡಾ ಬಿಸಿನೀರಿನ ಚೀಲಗಳನ್ನು ಇಟ್ಟಿದ್ದಳು. ತಣ್ಣಗಿದ್ದರೆ ಪ್ಲಾಸ್ಟಿಕ್ ಬಗ್ಗುವುದಿಲ್ಲ, ಸೀಳುತ್ತದೆ ಎಂದು ನೆವಿಲ್ ಬಂದ ಕೂಡಲೇ ಹೇಳಿ ಮಾಡಿಸಿದ್ದ.

ಒಳಗೆ ಕೆರೆಯುವ ಸದ್ದು ನಿಂತಿತು.

"ಏನಾಯ್ತು?" ಎಂದಳು ಗ್ಲೆಂಡಾ. ಅವಳು ಒಳಗೆ ಹೋಗಿ ನೋಡಿದಳು. ಕಿಟಕಿಯ ಕೆಳ ಅಂಚಿನಲ್ಲಿ, ರಬ್ಬರಿನ ತುಟಿ ಮುಚ್ಚಿದ್ದ ಹೆಬ್ಬೆರಳಗಲದ ಪಟ್ಟಿಯಲ್ಲಿ, ಈಗಷ್ಟೇ ಅಂಟಿನ ಪದರ ಎದ್ದುಬಂದ ಕಡೆ, ಪೆನ್ಸಿಲ್ಲಿನ ಬರಹವಿತ್ತು. ಇಷ್ಟು ವರ್ಷ ಬೆಳಕು ಕಾಣದ್ದರಿಂದ ನಿನ್ನೆ ಬರೆದಂತಿತ್ತು. ಎನ್.ಎಚ್. 16-11-89. ಸಂಜೆ 7.40.

ಅಪ್ಪ ತೀರಿಕೊಂಡ ದಿನ. ಅವರು ಹೋಗಲು ಇನ್ನೂ ಹತ್ತು ನಿಮಿಷವಿದ್ದ ಹೊತ್ತು.

ಕ್ಲಿಫರ್ಡ್ ಕಿಟಕಿಯ ಬಾಯಿಂದ ಹೊರಗೆ ನೋಡಿದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ತಮ್ಮನನ್ನೇ ಕೇಳಿದ. "ಇದೇನು?"

ನೆವಿಲ್ ಬಕೆಟ್ಟಿನಿಂದ ತಲೆಯೆತ್ತಲಿಲ್ಲ. "ಕಿಟಕಿ ಕೂಡಿಸಿದವನು ಹೆಸರು, ತಾರೀಖು, ಟೈಮು ಬರೆದೇ ರಬ್ಬರು ಮುಚ್ಚಬೇಕು. ನಾಳೆ ಸೋರಿದರೆ ಯಾರ ಕೈಕೆಲಸ ಅಂತ ಗೊತ್ತಾಗಬೇಕಲ್ಲ. ಎಲ್ಲಾ ಕಿಟಕಿಯಲ್ಲೂ ಇರುತ್ತೆ."

"ಫೋನ್ ಮಾಡಿದ್ದೆ. ಎಲ್ಲರೂ ಹೋದರು ಅಂದ ಕಾವಲುಗಾರ."

"ಹೋಗಿದ್ದರು. ಅಪ್ಪನ ಗಾಡಿ ಅಂತ ನಾನೊಬ್ಬ ಉಳಿದಿದ್ದೆ. ಹಿಂದಿನ ಶೆಡ್ಡು ಕಾವಲುಗಾರನಿಗೆ ಕಾಣಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ದಿನ ಅವರ ಮನೆ ಮುಂದೆ ತಂದು ನಿಲ್ಲಿಸಬೇಕು ಅಂತಿತ್ತು."

ಕ್ಲಿಫರ್ಡನಿಗೆ ಬಂದದ್ದು ಮೊದಲು ನಾಚಿಕೆ, ಅದರ ಬೆನ್ನಿಗೇ ಕೋಪ. "ಇದು ಇಲ್ಲಿದೆ ಅಂತ ನಿನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅವತ್ತೇ ರಬ್ಬರು ಕಿತ್ತು ನೋಡ್ತಿದ್ದೆ."

ಈಗ ನೆವಿಲ್ ತಲೆಯೆತ್ತಿದ. "ಅದಕ್ಕೇ ಹೇಳಲಿಲ್ಲ. ತಮ್ಮನ ಮಾತು ಸಾಲದೋನಿಗೆ ಪೆನ್ಸಿಲ್ ಗೀರು ತೋರಿಸಿ ನಂಬಿಸಬೇಕಾ?"

ದಪ್ಪನೆಯ ಒಂದು ಹನಿ ತಗಡಿನ ಮೇಲೆ ಬಿದ್ದು ಟಪ್ ಎಂದಿತು.

"ಮುಂದೆ ಒರೆಸು," ಎಂದ ನೆವಿಲ್.

"ಇದನ್ನ ಒರೆಸಲ್ಲ."

"ಅದನ್ನ ಬಿಟ್ಟು ಮಿಕ್ಕಿದ್ದು ಒರೆಸು. ಮಳೆ ಬಂತು." ನೆವಿಲ್ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಕಿಟಕಿಯೊಳಗೆ ಚಾಚಿದ. "ಇವತ್ತಿಂದೂ ಬರಿ. ಟೈಮು ಮರೀಬೇಡ."

ಕ್ಲಿಫರ್ಡ್ ಬರೆದ. ತನ್ನ ಹೆಸರಿನ ಮುಂದೆ ತಮ್ಮನದನ್ನೂ ಸೇರಿಸಿ, ವಾಚು ನೋಡಿ 1.25 ಎಂದು ಹಾಕಿದ.

ಆಮೇಲೆ ಎಲ್ಲವೂ ಒಂದೇ ಉಸಿರಿನಲ್ಲಿ ನಡೆಯಿತು. ನೆವಿಲ್ ರಬ್ಬರನ್ನು ಸುತ್ತಲೂ ಒತ್ತಿ ತುಂಬಿದ, ಅದರ ಸಂದಿಗೆ ಹುರಿ ಕೂಡಿಸಿ ತುದಿಯನ್ನು ಒಳಗೆ ಕೊಟ್ಟ, ಗ್ಲೆಂಡಾಳ ಜೊತೆ ಬೆಚ್ಚಗಿನ ಕಿಟಕಿಯನ್ನು ಎತ್ತಿ ತಂದು ಹೊರಗಿನಿಂದ ಒತ್ತಿ ಹಿಡಿದ. ಇನ್ನು ಒಳಗಿರುವವನು ಹುರಿ ಎಳೆಯುತ್ತಾ ಬರಬೇಕು. ಎಳೆದಂತೆ ರಬ್ಬರಿನ ತುಟಿ ಮಗುಚಿ ಕಿಟಕಿಯನ್ನು ಹಿಡಿದುಕೊಳ್ಳುತ್ತದೆ. ಅವಸರ ಮಾಡಿದರೆ ಮೂಲೆ ಸೀಳುತ್ತದೆ.

"ಎಳಿ. ನಿಧಾನ. ನಿಧಾನ ಅಂದೆ ಕ್ಲಿಫ್, ನಾಯಿ ಎಳೀತಿಲ್ಲ ನೀನು."

"ಮೂಲೆ ಬಂತು."

"ನಿಲ್ಲು." ನೆವಿಲ್ ಎರಡೂ ಅಂಗೈಯನ್ನು ಮೂಲೆಗೆ ಒತ್ತಿ ಮೈಭಾರವನ್ನೆಲ್ಲ ಹಾಕಿದ. ಹಲಗೆ ಕಿರ್ರ್ ಎಂದಿತು. ಗ್ಲೆಂಡಾ ಕಣ್ಣು ಮುಚ್ಚಿಕೊಂಡಳು. "ಈಗ ಎಳಿ."

ಹುರಿಯ ಕೊನೆ ಕ್ಲಿಫರ್ಡನ ಕೈಗೆ ಬಂದಿತು. ಕಿಟಕಿ ಕೂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಮಳೆ ಒಮ್ಮೆಲೇ ಹೊಯ್ಯತೊಡಗಿತು. ಗ್ಲೆಂಡಾ ಟೀ ತರಲು ಮನೆಯೊಳಗೆ ಓಡಿದಳು. ನೆವಿಲ್ ಬಕೆಟ್ಟು ಎತ್ತಿಕೊಂಡು ತನ್ನ ಕಾರಿನ ಕಡೆ ಹೊರಟ. ಕಿಟಕಿಯ ಹಿಂದಿನಿಂದ ಕ್ಲಿಫರ್ಡ್ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಅಷ್ಟು ಬಿಗಿಯಾಗಿ ಕೂತಿತ್ತು ಅದು. ಕ್ಲಿಫರ್ಡ್ ಓಡಿಹೋಗಿ ಬಾಗಿಲು ತೆಗೆದ.

"ನೆವಿಲ್, ನಾನು ಹೇಳಿದ್ದು ತಪ್ಪು. ಅವತ್ತು, ಎಲ್ಲರ ಮುಂದೆ. ಒಳಗೆ ಬಾ, ನೆನೀತೀಯ."

ನೆವಿಲ್ ಬಕೆಟ್ಟನ್ನು ಕೆಳಗಿಟ್ಟು ಬಂದು, ಮೆಟ್ಟಿಲ ಮೇಲೆ ಬೂಟು ಬಿಚ್ಚಿ, ತಾನು ಮಾಡಿ ಕಳಿಸಿದ ಮೇಲೆ ಮೊದಲ ಸಲ ಆ ಕಾರವಾನಿನೊಳಗೆ ಕಾಲಿಟ್ಟ. ಅಣ್ಣನ ಮುಖ ನೋಡಲಿಲ್ಲ. ನೇರ ಕಿಟಕಿಯ ಬಳಿ ಹೋಗಿ ಕೂತು, ಸೋರುತ್ತದೇನೋ ಎಂದು ಕೆಳಗಿನ ಮೂಲೆಯ ಅಡಿ ಅಂಗೈ ಒರೆಸಿಕೊಂಡು ಚಾಚಿ ಹಿಡಿದ. ಕ್ಲಿಫರ್ಡ್ ಎದುರಿಗೆ ಕೂತು ಇನ್ನೊಂದು ಮೂಲೆಗೆ ಕೈಯೊಡ್ಡಿದ.

ಗ್ಲೆಂಡಾ ಟೀ ತಂದಾಗ ಇಬ್ಬರೂ ಕಪ್ಪನ್ನು ಇನ್ನೊಂದು ಕೈಯಲ್ಲೇ ತೆಗೆದುಕೊಂಡರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಎರಡು ಅಂಗೈಗಳೂ ಒಣಗಿಯೇ ಇದ್ದವು.