ಅಮ್ಮನ ಐಸ್ ಗಾಡಿ

ಮಗಳು ಮರದ ಸುತ್ತಿಗೆ ಎತ್ತಿ ಮಂಜುಗಡ್ಡೆಗೆ ಬಾರಿಸಿದಳು. ಗಡ್ಡೆ ಸೀಳಿತು. ಇನ್ನೊಂದೇಟಿಗೆ ಚೂರುಗಳು ಅಂಗಳದ ತುಂಬ ಸಿಡಿದು, ಬಾಗಿಲ ಬಳಿ ಕುಳಿತಿದ್ದ ಅಪ್ಪನ ಕಾಲಿಗೂ ತಾಗಿದವು.

"ಸತ್ತೋಳಿಗೆ ಇಷ್ಟೆಲ್ಲ ಉಪಚಾರ ಯಾಕೆ?" ಎಂದ ಅಪ್ಪ. "ಸ್ಮಶಾನ ಇರೋದು ಮನೆ ಹಿಂದೇನೇ."

ಅವಳು ಐಸ್ ಚೂರನ್ನು ಬಾಚಿ ಅಮ್ಮನ ಪಕ್ಕೆಗೆ ಒತ್ತಿದಳು. ಅಮ್ಮನನ್ನು ಮಲಗಿಸಿದ್ದು ಐಸ್ ಫ್ಯಾಕ್ಟರಿಯ ತಳ್ಳುಗಾಡಿಯಲ್ಲಿ. ಬಂದರಿನ ಆ ಫ್ಯಾಕ್ಟರಿಯಲ್ಲಿ ಗಡ್ಡೆ ಒಡೆದು, ಇದೇ ಗಾಡಿಯಲ್ಲಿ ದೋಣಿಗಳಿಗೆ ಸಾಗಿಸಿ ಜನ್ಮ ಸವೆಸಿದವಳು; ಕೊನೆಗೆ ಆ ತಂಡಿಯೇ ಎದೆಗಿಳಿದು, ಜ್ವರವಾಗಿ ಅವಳನ್ನು ಮುಗಿಸಿತ್ತು. ಗಾಡಿ ತಂದವರು ಜೊತೆಗೆ ದುಡಿದ ಹೆಂಗಸರು. ಅವರ ಮುಂದಾಳು ಮೈಕಕ್ಕ. ಪಿಸುಗುಟ್ಟಿದರೂ ಇಡೀ ಬೀದಿಗೆ ಕೇಳಿಸುವ ಗಂಟಲಿಗೆ ಊರು ಕೊಟ್ಟ ಹೆಸರು.

"ಎತ್ತೋಣವಾ?" ಎಂದ ಮಾವ, ಅಮ್ಮನ ಒಬ್ಬನೇ ಅಣ್ಣ. ಕಡಲ ರಸ್ತೆಯ ಆ ತುದಿಯ ಪೇಟೆಯಿಂದ ತನ್ನ ಟೆಂಪೋದಲ್ಲಿ ಬೆಳಗಿಗೇ ಬಂದಿದ್ದ.

"ಇಲ್ಲಿ ಬೇಡ ಮಾವ. ನಿನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಜ್ವರದಲ್ಲಿ ಅದೊಂದನ್ನೇ ಕನವರಿಸ್ತಿದ್ಲು, ಅಣ್ಣನ ಮನೆ, ಅಣ್ಣನ ಮನೆ ಅಂತ. ನಾಳೆ ಅಲ್ಲೇ ಮಣ್ಣು."

"ಸರಿ, ಟೆಂಪೋಗೆ ಹತ್ಸೋಣ."

"ಟೆಂಪೋ ಬೇಡ. ನಡ್ಕೊಂಡು."

ಮಾವ ತಲೆ ತಗ್ಗಿಸಿದ. ಅವನಿಗೆ ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ.

* * *

ಆಗ ಮಗಳಿನ್ನೂ ಸಣ್ಣವಳು. ದೋಣಿ ಇಂಜಿನ್ ರಿಪೇರಿ ಮಾಡುವ ಅಪ್ಪ ಹಿಂದಿನ ದಿನ ಸ್ಪ್ಯಾನರಿನಿಂದ ಅಮ್ಮನ ಕಿವಿಯ ಹತ್ತಿರ ಹೊಡೆದಿದ್ದ. ಅಡುಗೆಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ, ಹೊಡೆದವನಿಗೂ ನೆನಪಿರಲಾರದು. ನಸುಕಿಗೇ ಅಮ್ಮ ಅವಳ ಕೈ ಹಿಡಿದು ಹೊರಟಳು. ಬಸ್ಸಿನವರೆಲ್ಲ ಅಪ್ಪನ ಗೆಳೆಯರಾದ್ದರಿಂದ ನಡೆದೇ ಹೋಗಬೇಕಿತ್ತು.

ಒಂದು ಕಡೆ ಕಡಲು, ಒಂದು ಕಡೆ ಬಂಡೆ, ನಡುವೆ ಕಾದ ಡಾಂಬರು. ಲಾರಿಗಳು ಮೈ ಸವರಿಕೊಂಡೇ ಹೋಗುತ್ತಿದ್ದವು. ಬಿಸಿಲು ನೆತ್ತಿಗೇರಿದಾಗ ಮಗಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅಮ್ಮ ತನ್ನದನ್ನು ಅವಳಿಗೆ ಹಾಕಿ ಬರಿಗಾಲಲ್ಲಿ ನಡೆದಳು.

"ದಿನಾ ಐಸ್ ಮೇಲೆ ನಿಲ್ಲೋ ಕಾಲು ಕಣೇ, ಒಂದಿನ ಬೆಚ್ಚಗಾಗ್ಲಿ ಬಿಡು," ಎಂದು ನಕ್ಕಳು. ನಕ್ಕಿದ್ದಕ್ಕೆ ಕಿವಿಯ ಗಾಯ ಮತ್ತೆ ಒಸರಿತು.

ಹೊತ್ತು ಮುಳುಗುವಾಗ ಮಾವನ ಮನೆ ಸಿಕ್ಕಿತು. ಒಳಗೆ ಕಾಲಿಟ್ಟವಳೇ ಅಮ್ಮ ಅಂದಳು: "ಅಣ್ಣಾ, ಬಾಗಿಲು ಹಾಕು."

ಮಾವ ಹಾಕಲಿಲ್ಲ. ಕುಡಿಯಲು ನೀರು ಕೊಟ್ಟು, ಹೊರಗೆ ಹೋಗಿ ಟೆಂಪೋ ಸ್ಟಾರ್ಟ್ ಮಾಡಿದ. "ಸಂಸಾರ ಅಂದ್ಮೇಲೆ ಇದ್ದದ್ದೇ. ನಾನು ಅವನಿಗೆ ಬುದ್ಧಿ ಹೇಳ್ತೀನಿ, ಬಾ."

ದಿನವಿಡೀ ನಡೆದ ದಾರಿ ಟೆಂಪೋದಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಮಾವ ಬುದ್ಧಿ ಹೇಳಿದ, ಕೈ ತೊಳೆದುಕೊಂಡು ಹೊರಟ. ಟೆಂಪೋದ ಸದ್ದು ಬೀದಿಯ ತಿರುವು ದಾಟುವ ಮೊದಲೇ ಅಪ್ಪ ಅಮ್ಮನ ಎಡಗೈಯನ್ನು ಬಾಗಿಲ ಸಂದಿಗೆ ಒತ್ತಿಹಿಡಿದು ಬಾಗಿಲು ಜಡಿದ.

ಆ ಕೈಯ ಎರಡು ಬೆರಳು ಮತ್ತೆಂದೂ ಮಡಚಲಿಲ್ಲ.

* * *

"ನನ್ನ ಹೆಂಡ್ತಿ. ನಾನು ಹೇಳಿದ ಕಡೆ ಮಣ್ಣು," ಎಂದು ಅಪ್ಪ ಎದ್ದುಬಂದು ಗಾಡಿಯ ಚಕ್ರಕ್ಕೆ ಒದ್ದ. ಗಾಡಿ ವಾಲಿತು. ಅಮ್ಮನ ಎಡಗೈ ಹೊರಗೆ ಜಾರಿ, ಆ ಎರಡು ಬೆರಳು ನೆಟ್ಟಗೆ ನಿಂತವು. ತಡೆಯಲು ಬಂದ ಮಗಳ ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಅವಳ ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು.

ಅವಳು ಒಂದೇ ಕಣ್ಣಿನಲ್ಲಿ ಗುರಿ ನೋಡಿದಳು. ಅಪ್ಪನ ಇನ್ನೊಂದು ಕೈ ಗಾಡಿಯ ಅಂಚನ್ನು ಹಿಡಿದಿತ್ತು. ಸುತ್ತಿಗೆ ಅದರ ಮೇಲೆ ಬಿತ್ತು. ಅವನು ಕೈ ಅವುಚಿಕೊಂಡು ನೆಲಕ್ಕೆ ಕುಸಿದ.

"ಹೆಣದ ಮುಂದೆ ಇದೆಲ್ಲ ಸರೀನಾ?" ಎಂದ ಪಕ್ಕದ ಮನೆಯ ದರ್ಜಿ.

"ಜೀವ ಇದ್ದಾಗ ದಿನಾ ಹೊಡೀತಿದ್ನಲ್ಲ, ಆಗ ನಿನ್ನ ಬಾಯಿಗೆ ಹೊಲಿಗೆ ಹಾಕಿದ್ಯಾ?" ಎಂದಳು ಮೈಕಕ್ಕ. ಆಮೇಲೆ, ಎಂದೂ ಇಲ್ಲದಷ್ಟು ಮೆಲ್ಲಗೆ: "ತಳ್ರೇ ಗಾಡೀನ."

ಹೆಂಗಸರು ಸರದಿಯಲ್ಲಿ ತಳ್ಳಿದರು. ಅದೇ ಕಡಲು, ಅದೇ ಬಂಡೆ. ಕರಗಿದ ಐಸ್ ಡಾಂಬರಿನ ಮೇಲೆ ಗೆರೆಯಾಗಿ ಇಳಿದು ಹಿಂದೆ ಹಿಂದೆಯೇ ಆರುತ್ತಿತ್ತು. ಮಗಳ ಹಿಮ್ಮಡಿ ಒಡೆಯಿತು, ಅಂಗೈಗೆ ಬೊಬ್ಬೆ ಬಂತು. ಹಿಂದೆ ಮಾವ ಖಾಲಿ ಟೆಂಪೋವನ್ನು ಆಮೆಯ ಹಾಗೆ ಓಡಿಸಿಕೊಂಡು ಬರುತ್ತಿದ್ದ.

"ಹತ್ತಮ್ಮಾ, ಸ್ವಲ್ಪ ದೂರ ಆದ್ರೂ..."

ಅವಳು ತಿರುಗಿ ನೋಡಲಿಲ್ಲ. ಅಪ್ಪನಿಗಿಂತ ಮಾವನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು. ಅಪ್ಪನ ಹತ್ತಿರ ಅಮ್ಮ ಏನನ್ನೂ ಬೇಡಿರಲಿಲ್ಲ.

ಕೊನೆಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಮಾವ ಟೆಂಪೋವನ್ನು ರಸ್ತೆ ಬದಿಗೆ ಬಿಟ್ಟು ಓಡಿಬಂದು ಹೆಗಲು ಕೊಟ್ಟ. ಯಾರೂ ಅವನಿಗೆ ಜಾಗ ಬಿಡಲಿಲ್ಲ, ದೂಡಲೂ ಇಲ್ಲ.

ಹೊತ್ತು ಮುಳುಗುವಾಗ ಗಾಡಿಯನ್ನು ಹೊಸ್ತಿಲು ದಾಟಿಸಿ ಮಾವನ ಮನೆಯೊಳಗೆ ನಿಲ್ಲಿಸಿದರು. ಹೆಂಗಸರು ಕಾಲು ಚಾಚಿ ಗೋಡೆಗೊರಗಿದರು. ಮಗಳು ಅಮ್ಮನ ಎಡಗೈಯನ್ನು ಒಳಗೆ ಸರಿಸಿದಳು.

"ಬಾಗಿಲು ಹಾಕು ಮಾವ," ಎಂದಳು.

ಮಾವ ಬಾಗಿಲು ತಳ್ಳಿ ಮೇಲಿನ ಚಿಲಕ ಹಾಕಿದ, ಕೆಳಗಿನದನ್ನೂ ಹಾಕಿದ. ಆಮೇಲೆ ಮೂಲೆಯ ಬೆಂಚನ್ನು ಎಳೆತಂದು ಬಾಗಿಲಿಗೆ ಅಡ್ಡ ಇಟ್ಟು, ಅದರ ಮೇಲೆ ತಾನೇ ಕುಳಿತ.