ಔರಾದಿನ ಮೋಟಾರಿನ ಬಾಗಿಲು

"ಇದಕ್ಕ ಬೆಸಗಿ ಅಂತಾರೇನೋ ಹಾವಗ್ಯಾ?" ಎನ್ನುತ್ತ ಔರಾದಿನ ದೇಶಮುಖ ಶಿವರಾಜಪ್ಪ ತಮ್ಮ ಮೋಟಾರಿನ ಎಡಬಾಗಿಲನ್ನು ಬೂಟುಗಾಲಿನಿಂದ ಒದ್ದರು. ಬಾಗಿಲ ಅಡಿಯಿಂದ ಕೆಂಪು ತುಕ್ಕು ಹಿಟ್ಟಿನಂತೆ ಉದುರಿತು.

ಆ ಒದೆ ತನ್ನ ಎದೆಗೇ ಬಿದ್ದ ಹಾಗಾಯಿತು ಹಾವಗೆಪ್ಪನಿಗೆ. ಹೋದ ವರ್ಷ ಬನ್ನಿಹಬ್ಬದ ಮುಂಚೆ ಆ ಬಾಗಿಲಿನ ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಹೊಸದನ್ನು ಬೆಸೆದು, ಹೊರಗೆ ಗೆರೆಯೂ ಕಾಣದಂತೆ ಕಾನಸಿನಿಂದ ಉಜ್ಜಿ ನುಣುಪು ಮಾಡಿ ಕೊಟ್ಟವನು ಅವನೇ. ಹೈದರಾಬಾದಿನ ಕಾರಖಾನೆಯಲ್ಲಿ ಕಲಿತು ಬಂದ ಗ್ಯಾಸಿನ ಬೆಸುಗೆ ಅದು. ಬೀದರದಿಂದ ಭಾಲ್ಕಿಯ ತನಕ ಆ ವಿದ್ಯೆ ಬಲ್ಲವನು ಅವನೊಬ್ಬನೇ. ಚಿದ್ರಿ ರಸ್ತೆಯ ಅವನ ತಗಡಿನ ಅಂಗಡಿಯ ಮುಂದೆ ಅವತ್ತು ಊರೇ ಬಂದು ನಿಂತಿತ್ತು. ನೀಲಿ ಬೆಂಕಿ ಕಬ್ಬಿಣವನ್ನು ನೀರು ಮಾಡುವುದನ್ನು ನೋಡಿ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟಿದ್ದರು. ಈಗ ಅದೇ ಅಂಗಡಿಯ ಮುಂದೆ ಅದೇ ಜನ, ನಾಚಿಕೆಗೆಟ್ಟವರು, ಕಿಸಿಕಿಸಿ ನಗುತ್ತಿದ್ದರು.

"ತಾಲ್ಲೂಕದಾರ ಸಾಹೇಬರ ಕಿವಿಗೆ ಒಂದ ಮಾತ ಹಾಕಿದ್ರ ಸಾಕು, ನಿನ್ನ ಅಂಗಡಿಗಿ ಕೀಲಿ ಬೀಳ್ತದ. ವರ್ಷನೂ ತಡಿಲಿಲ್ಲ ನಿನ್ನ ಕೆಲಸ!" ದೇಶಮುಖರು ಕೈಯಲ್ಲಿದ್ದ ಬೆತ್ತ ಆಡಿಸಿದರು.

"ಹಾಕಸ್ರಿ ಧಣಿ!" ಹಾವಗೆಪ್ಪ ಕೂಗಿದ. "ಆದ್ರ ಮೊದಲ ಬಾಗಲಾ ಬಿಚ್ಚಿ ತೋರಸ್ತೇನಿ. ತಪ್ಪು ನನ್ನದಿದ್ರ ನಾನೇ ಕೀಲಿ ನಿಮ್ಮ ಕೈಯಾಗ ಕೊಡ್ತೇನಿ. ನಿಮ್ಮದಿದ್ರ ಇಷ್ಟ ಮಂದಿ ಮುಂದ ಆಡಿದ ಮಾತು ನುಂಗಬೇಕಾಗ್ತದ ನೋಡ್ರಿ!"

ದೇಶಮುಖರ ಡ್ರೈವರ ಶರಫೋದ್ದೀನ ಓಡಿ ಬಂದು ಅವನ ತೋಳು ಹಿಡಿದ. "ಸುಮ್ನಿರಪಾ ಹಾವಗೆಪ್ಪ. ದೊಡ್ಡವರ ಕೂಡ ಯಾಕ?"

ಹಾವಗೆಪ್ಪ ತೋಳು ಕೊಡವಿಕೊಂಡ. ಕುದಿಯುವ ಎಣ್ಣೆಗೆ ನೀರು ಚಿಮುಕಿಸಿದರೆ ಆರುತ್ತದೆಯೇ? ಬಾಗಿಲು ಕಳಚಿ ನೆಲದ ಮೇಲೆ ಹಾಕಿ, ಒಳಮೈಯ ಚರ್ಮದ ಹೊದಿಕೆಯನ್ನು ಮೊಳೆ ಸಮೇತ ಕಿತ್ತ. ಬೆಸುಗೆಯ ಗೆರೆ ಹಾಕಿದ ದಿನದಂತೆಯೇ ಗಟ್ಟಿಯಾಗಿತ್ತು. ಸುತ್ತಿಗೆಯಿಂದ ಬಡಿದ, ಠಣ್ ಎಂದಿತು. ಅದರ ಕೆಳಗಿನ ತಗಡು ಮಾತ್ರ ತುಕ್ಕು ತಿಂದು ಹಪ್ಪಳವಾಗಿತ್ತು. ಮೂಲೆಯಲ್ಲಿ ಒಂದು ಮಾಸಿದ ಬಟ್ಟೆಯ ಗಂಟು ತುಕ್ಕಿಗೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಬಾಯಿ ಸಡಿಲಿಸಿದರೆ ಒಳಗೆ ಅಂಗೈ ತುಂಬುವಷ್ಟು ಹರಳುಪ್ಪು, ನಡುವೆ ಮುರುಟಿದ ಕೆಂಪು ಮೆಣಸಿನಕಾಯಿ.

"ಅಯ್ಯ, ನೆದರ ತೆಗೆದ ಉಪ್ಪು!" ಎಂದಳು ಗುಂಪಿನಲ್ಲೊಬ್ಬ ಮುದುಕಿ, ಆ ದೃಷ್ಟಿ ತನಗೆ ತಗುಲೀತೆಂದು ಹಿಂದೆ ಸರಿಯುತ್ತ.

"ನೋಡ್ರಿ!" ಹಾವಗೆಪ್ಪ ಗಂಟನ್ನು ಎತ್ತಿ ಹಿಡಿದ. "ನೆದರ ತೆಗೆದ ಉಪ್ಪು ಒಲಿಗಿ ಹಾಕ್ತಾರ್ರಿ, ಮೋಟಾರಿನ ಹೊಟ್ಯಾಗ ಇಡ್ತಾರೇನು? ಉಪ್ಪು ತಿಂದ ಕಬ್ಬಣ ಉಳಿತದೇನ್ರಿ? ನಿಮ್ಮ ಮನಿ ಮಂದಿ ಮಾಡಿದ್ದಕ್ಕ ನನಗ ಒದೀತೀರಿ?"

ದೇಶಮುಖರ ಮುಖ ಕಪ್ಪಿಟ್ಟಿತು. ಅವರು ಹಾವಗೆಪ್ಪನನ್ನು ಬಿಟ್ಟು ಶರಫೋದ್ದೀನನ ಕಡೆ ತಿರುಗಿದರು. "ಗಾಡಿ ಇರೂದು ನಿನ್ನ ಕೈಯಾಗ. ನನಗ ಮಾಟಾ ಮಾಡ್ತೀ ಹರಾಮಖೋರ!" ಕೈಯಲ್ಲಿದ್ದ ಬೆತ್ತ ಅವನ ಬೆನ್ನಿಗೆ ಬಿತ್ತು.

"ಅಲ್ಲಾನ ಆಣಿ, ನನಗೇನೂ ಗೊತ್ತಿಲ್ರಿ ಧಣಿ!"

ಗೆದ್ದೆ ಎಂದು ಹಾವಗೆಪ್ಪ ಗಂಟಿನ ಬಟ್ಟೆಯನ್ನು ಬಿಡಿಸಿದ. ಒಳಮಡಿಕೆ ಮಾಸಿರಲಿಲ್ಲ. ಹಸಿರು ಸೀರೆಯ ತುಂಡು, ಅಂಚಿನಲ್ಲಿ ಹಳದಿ ಹೂಬಳ್ಳಿ. ಮದುವೆಗೆ ಹೈದರಾಬಾದಿನಿಂದ ತಾನೇ ತಂದದ್ದು. ಅಂಗಡಿಯ ಹಿಂದಿನ ಮನೆಯ ಹೊಸ್ತಿಲಲ್ಲಿ ಅವನ ಹೆಂಡತಿ ಗುಂಡಮ್ಮ ನಿಂತಿದ್ದಳು. ಅವನು ನೋಡುತ್ತಲೇ ತಲೆ ತಗ್ಗಿಸಿ ಒಳಗೆ ಹೋದಳು.

ಬೆತ್ತ ಮತ್ತೊಮ್ಮೆ ಬಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಅಂಗಡಿ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಶರಫೋದ್ದೀನ ಅವನ ಕಡೆಯೇ ನೋಡುತ್ತಿದ್ದ. ಹಾವಗೆಪ್ಪನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಮೂರನೆಯ ಬಾರಿ ಎದ್ದ ಬೆತ್ತವನ್ನು ಹಿಡಿದುಬಿಟ್ಟ.

"ಶರಫೂ ಭಾಯಿಗಿ ಬಿಡ್ರಿ. ಈ ಗಂಟು ನಮ್ಮ ಮನಿ ಸೀರಿ ಅರಿವಿ."

ದೇಶಮುಖರು ಬೆತ್ತ ಬಿಡಿಸಿಕೊಂಡು, ನಕ್ಕು ಕೈ ಚಾಚಿದರು. "ಕೊಡು ಕೀಲಿ." ಮಂದಿಯ ಮುಂದೆ ತಾನೇ ಆಡಿದ ಮಾತು; ಹಾವಗೆಪ್ಪ ಉಡಿದಾರದಿಂದ ಅಂಗಡಿಯ ಕೀಲಿ ಬಿಚ್ಚಿ ಕೊಟ್ಟ.

ಗಂಟು ಹಿಡಿದುಕೊಂಡೇ ಒಳಗೆ ನುಗ್ಗಿದ. ಗುಂಡಮ್ಮ ಒಲೆಯ ಮುಂದಿದ್ದಳು.

"ಯಾಕ ಹಾಕ್ದಿ? ನನ್ನ ಅನ್ನಕ್ಕ ಕಲ್ಲು ಹಾಕ್ದೆಲ್ಲಾ!"

"ಕಲ್ಲಲ್ರಿ, ಉಪ್ಪು." ಅವಳ ದನಿಯಲ್ಲಿಯೂ ಸಿಟ್ಟಿತ್ತು. "ಆ ಬಾಗಲಾ ಬೆಸದ ದಿನ ರಾತ್ರಿ ನಿಮ್ಮ ಕಣ್ಣು ಬಾತು ಬಾಗಲಾ ಯಾವುದು ಗ್ವಾಡಿ ಯಾವುದು ಕಾಣಲಾರದ ತಡಕಾಡಿದ್ರಿ. ಮಂದಿ ನೆದರ ತಗಲ್ಯದ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಯಾರ ಗಾಡಿ ಸಲುವಾಗಿ ನಿಮಗ ಹಿಂಗಾತೋ ಆ ಗಾಡಿಗೇ ಹೋಗಲಿ ಅಂತ, ನೀವು ಚರ್ಮ ಹೊಡಿಯೂ ಮುಂಚೆ ಅದರ ಬಾಗಲದಾಗ ತುರುಕಿದೆ. ಅವರ ಮನಿ ಹಾಳಾಗಲಿ!"

"ನೆದರು ಅಲ್ಲ, ಮಣ್ಣೂ ಅಲ್ಲ! ಬೆಂಕಿ ನೋಡಿದ್ರ ಕಣ್ಣು ಬಾಯ್ತಾವ."

"ನಿಮಗೇನು ಗೊತ್ತು? ನೆದರಿದ್ರ ಮೆಣಸಿನಕಾಯಿ ಸುಟ್ರೂ ಘಾಟು ಬರೂದಿಲ್ಲ."

"ಹೌದೇನು? ನೋಡೇಬಿಡು!" ಹಾವಗೆಪ್ಪ ಗಂಟನ್ನು ಹಾಗೆಯೇ ಒಲೆಗೆ ಎಸೆದ.

ಉಪ್ಪು ಚಟಪಟ ಸಿಡಿಯಿತು. ಹಸಿರು ಸೀರೆಯ ತುಂಡು ಅಂಚಿನಿಂದ ಕರಟತೊಡಗಿತು. ಹೊರಗೆ ಅಂಗಡಿಯ ಕದ ಎಳೆದ ಸದ್ದು, ಅದರ ಹಿಂದೆ ಬೀಗ ಬಿದ್ದ ಸದ್ದು ಕೇಳಿತು. ಇಬ್ಬರೂ ಒಲೆಯನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಘಾಟು ಎದ್ದಿತು. ಮೊದಲು ಗುಂಡಮ್ಮನಿಗೆ ಕೆಮ್ಮು ಹತ್ತಿತು, ಆಮೇಲೆ ಅವನಿಗೆ. ಮನೆಯೆಲ್ಲ ತುಂಬಿದ ಹೊಗೆಯಲ್ಲಿ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಕಿಟಕಿ ತೆರೆಯಲು ಯಾರೂ ಹೋಗಲಿಲ್ಲ.