ರಾಚವ್ವನ ಮುಖ

"ಅಲ್ಲ ಸಾರ್, ನಾಳೆ ಸಾಯಂಕಾಲ ಉದ್ಘಾಟನೆ ಇಟ್ಕೊಂಡು ನಡುಗೋಡೆ ಹೀಗೆ ಬೋಳಾಗಿ ಬಿಟ್ರೆ ಹೇಗೆ? ಆ ಜಹಗೀರುದಾರರ ಚಿತ್ರಾನೇ ಅಲ್ಲಿಗೆ ಹಾಕಿಬಿಡೋಣ. ಎಷ್ಟು ಭವ್ಯವಾಗಿದೆ!"

ಮ್ಯೂಸಿಯಮ್ಮಿನ ಕಾರ್ಯದರ್ಶಿ ರಾಮಸ್ವಾಮಿಯ ಈ ಮಾತಿಗೆ ಶಿವಪುತ್ರಪ್ಪನಿಗೆ ಮೈಯೆಲ್ಲ ಉರಿಯಿತು. "ಅಲ್ಲಿ ರಾಚವ್ವ ಬರ್ತಾಳ. ಮತ್ಯಾರೂ ಬರೂದಿಲ್ಲ" ಎಂದ.

"ಒಂದು ತಿಂಗಳಿಂದ ಹೀಗೇ ಹೇಳ್ತಿದೀರಿ ಸಾರ್."

ಅದು ಸುಳ್ಳಲ್ಲ. ಮಾಟುಂಗದ ಪರಪ್ಪ, ಅಂದರೆ ರಾಚವ್ವನ ಮಗ, ಅವಳ ಚಿತ್ರ ಕೇಳಿದ ದಿನವೇ "ಒಯ್ಯಿರಿ, ನಮ್ಮವ್ವ ಮ್ಯೂಸಿಯಮ್ಮಿಗೆ ಹೋಗೂದಂದ್ರ ಸಣ್ಣ ಮಾತೇನ್ರಿ" ಎಂದಿದ್ದ. ಆಮೇಲೆ ಶುರುವಾಯಿತು ನೋಡಿ, ಸೋಮವಾರ ಬೇಡ, ಅಮಾವಾಸ್ಯೆ ಬೇಡ, ಮನೆಯಾಕೆ ತವರಿಗೆ ಹೋಗಿದ್ದಾಳೆ. ಕೊಡುವವರ ಬಾಯಿ ದೊಡ್ಡದು, ಕೈ ಸಣ್ಣದು.

ಮ್ಯೂಸಿಯಮ್ಮಿನ ಹಾಲಿನ ತುಂಬ ಶಿವಪುತ್ರಪ್ಪನ ನಲವತ್ತು ವರ್ಷದ ದುಡಿಮೆ ತೂಗುತ್ತಿತ್ತು. ಸಿಂಹಾವಲೋಕನ ಎಂದು ಬಾಗಿಲಲ್ಲಿ ಬಟ್ಟೆಯ ಮೇಲೆ ಬರೆಸಿದ್ದರು. ಸಿಂಹ ಹಿಂದಿರುಗಿ ನೋಡಿದರೆ ಕಾಣುವುದೆಲ್ಲ ಹೊಟ್ಟೆಗಳೇ: ಗಿರಣಿ ಮಾಲೀಕರು, ನ್ಯಾಯಾಧೀಶರು, ಸಂಸ್ಥಾನಿಕರು. ಒಬ್ಬೊಬ್ಬರಿಗೂ ಒಂದಿಷ್ಟು ಬೊಜ್ಜು ಇಳಿಸಿ, ಒಂದಿಷ್ಟು ಬಣ್ಣ ತಿಳಿ ಮಾಡಿ ಕೊಟ್ಟಿದ್ದ. ಎಲ್ಲರೂ ಮೆಚ್ಚಿದ್ದರು. ರಾಚವ್ವ ಮಾತ್ರ ಯಾರೋ ಹೇಳಿ ಬರೆಸಿದ ಚಿತ್ರವಲ್ಲ. ಬೈಕುಲ್ಲಾದಲ್ಲಿ ಖಾನಾವಳಿ ಇಟ್ಟುಕೊಂಡು, ಚಿತ್ರಕಲೆ ಕಲಿಯಲು ಬಂದಿದ್ದ ಈ ಬಿಜಾಪುರದ ಹುಡುಗನಿಗೆ ಮಗನಂತೆ ಉಣ್ಣಲಿಕ್ಕಿದವಳು. ರೊಟ್ಟಿ ಬಡಿಯುತ್ತ ಕುಳಿತವಳನ್ನು ಇದ್ದ ಹಾಗೆಯೇ ಬರೆದು ಅವಳಿಗೇ ಕೊಟ್ಟಿದ್ದ. ಹೊಗೆಗೆ ಕೆಂಪಾದ ಆ ಕಣ್ಣುಗಳೆರಡಕ್ಕೇ ಒಂದು ಮಳೆಗಾಲ ಹಿಡಿದಿತ್ತು. ಜೀವಮಾನದಲ್ಲಿ ಒಂದೇ ಸಲ ನಿಜ ಬರೆದಿದ್ದೇನೆ, ನಾಳೆ ಅದೊಂದನ್ನು ಜನ ನೋಡದಿದ್ದರೆ ಉಳಿದದ್ದೆಲ್ಲ ಬರೀ ಬಣ್ಣದ ಖರ್ಚು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಛತ್ರಿ ಎತ್ತಿಕೊಂಡು ಹೊರಟೇಬಿಟ್ಟ. ಮಾಟುಂಗದ ಲೋಕಲ್ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಬಾಗಿಲು ತೆರೆದವಳು ಪರಪ್ಪನ ಹೆಂಡತಿ ಚಂದ್ರವ್ವ. "ಬರ್ರಿ ಕಾಕಾ, ಅವರು ಅಂಗಡಿಗೆ ಹೋಗ್ಯಾರ. ಚಾ ಮಾಡ್ತೀನಿ ಕೂಡ್ರಿ."

"ಚಾ ಬ್ಯಾಡವಾ. ಚಿತ್ರ ಕೊಡು."

"ದೇವರ ಕೋಲ್ಯಾಗ ಐತ್ರಿ. ಜಳಕ ಆಗೇದೇನು?"

"ಮುಂಜಾನೇನ ಆಗೇದ."

"ಲೋಕಲ್ನ್ಯಾಗ ಬಂದೀರಲ್ರಿ. ಯಾರ‍್ಯಾರನ್ನ ಮುಟ್ಟಿರೋ ಏನೋ."

ಈ ಜಳಕದ ದೆಸೆಯಿಂದಲೇ ಇಷ್ಟು ವರ್ಷ ಅವನು ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಬಂದಾಗಲೆಲ್ಲ ಪಡಸಾಲೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಇವತ್ತು ಹಲ್ಲು ಕಚ್ಚಿಕೊಂಡು ಬಚ್ಚಲು ಮೋರಿಯಲ್ಲಿ ಕುಳಿತು ತಣ್ಣೀರು ಸುರಿದುಕೊಂಡ. ಪರಪ್ಪನ ಧೋತರ ಸುತ್ತಿಕೊಂಡು, ನೀರು ಸೋರುವ ತಲೆಯಲ್ಲಿ ಒಳಗೆ ಹೋದ.

ಮೊದಲು ಕಂಡದ್ದು ಕೈಗಳು. ದೀಪದ ಹೊಗೆಯಿಂದ ಕಪ್ಪಾಗಿದ್ದರೂ ಹಿಟ್ಟಿನ ಮೇಲೆ ಬೀಳಲು ಎತ್ತಿದ ಆ ಕೈಗಳು ಅವಳವೇ. ಕಣ್ಣು ಮೇಲೆತ್ತಿದ. ಮುಖವಿರಬೇಕಾದಲ್ಲಿ ಮುಖವಿರಲಿಲ್ಲ. ಬಿಳಿಚಿದ ಒಂದು ದುಂಡು, ಅದರ ಮೇಲೆ ದಪ್ಪ ವಿಭೂತಿಯ ಪಟ್ಟೆ, ಪಟ್ಟೆಯ ಕೆಳಗೆ ದೇವಿಯ ಮೂರ್ತಿಗೆ ಹಚ್ಚುವಂಥ ಎರಡು ಬೆಳ್ಳಿಯ ಕಣ್ಣು, ಫಳಫಳ ಹೊಳೆಯುತ್ತಿದ್ದವು.

"ಏನಿದು ಚಂದ್ರವ್ವಾ? ಏನ್ ಮಾಡೀರಿ ಇದನ್ನ?"

"ಪೂಜಿ ಮಾಡೀವ್ರಿ. ಮತ್ತೇನ್ ಮಾಡೂದು?" ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. "ಅತ್ತಿ ಹೋದಾಗಿಂದ ಒಂದ ಸೋಮವಾರ ತಪ್ಪಿಸಿಲ್ಲ. ಒದ್ದಿ ಅರಿವ್ಯಾಗ ಮಾರಿ ತೊಳದು, ವಿಭೂತಿ ಧರಿಸ್ತೀನಿ. ಕಣ್ಣು ಮಾಸಿದ್ದುವ್ರಿ, ಅದಕ್ಕ ನನ್ನ ಕಾಲುಂಗುರ ಕರಗಿಸಿ ಬೆಳ್ಳಿ ಕಣ್ಣು ಮಾಡ್ಸೀನಿ."

"ಚಿತ್ರ ತೊಳೀತಾರೇನವಾ? ಗಾಜಾದ್ರೂ ಹಾಕ್ಸಬಾರದಿತ್ತ?"

"ನೀವ ಅಂದಿದ್ರಂತಲ್ರಿ, ಗಾಜು ಹಾಕಿದ್ರ ಬಣ್ಣ ಕಾಣೂದಿಲ್ಲ, ಹಾಕಬ್ಯಾಡ್ರಿ ಅಂತ. ಅತ್ತಿ ಸಾಯೂತನಾ ಅದನ್ನ ಹೇಳ್ತಿದ್ರು."

ಹೌದು, ಅಂದಿದ್ದ. ಹುಡುಗಬುದ್ಧಿಯ ಜಂಭದಲ್ಲಿ ಅಂದಿದ್ದ. ಈಗ ಯಾರನ್ನು ಬೈಯುವುದು? ಉಗುರಿನಿಂದ ಒಂದು ಬೆಳ್ಳಿಯ ಕಣ್ಣನ್ನು ಮೀಟಿದ. ಅರಗಿನ ಸಮೇತ ಕಿತ್ತು ಅಂಗೈಗೆ ಬಂತು. ಅದರಡಿ ಬರೀ ಬಟ್ಟೆಯ ಎಳೆಗಳಿದ್ದವು. ಒಂದು ಮಳೆಗಾಲದ ಕೆಲಸದಲ್ಲಿ ಸಾಸಿವೆಯಷ್ಟು ಬಣ್ಣವೂ ಉಳಿದಿರಲಿಲ್ಲ.

ಹಟ ಹಿಡಿದವನಂತೆ ಹೇಳಿದ: "ನಾ ಮತ್ತ ಬರೀತೀನಿ. ಇವತ್ತ ಒಯ್ದು ಮಾರಿ ಬರದು, ನಾಳಿಗೆ ಗ್ವಾಡಿಗೆ ಹಾಕಿಸ್ತೀನಿ."

ಅವಳು ಜಗಳಕ್ಕೆ ನಿಲ್ಲುತ್ತಾಳೆಂದುಕೊಂಡಿದ್ದ. ಚಂದ್ರವ್ವನ ಮುಖ ಅರಳಿತು. "ಬರೀರಿ ಕಾಕಾ! ಹುಡುಗ್ರು ಕೇಳ್ತಾವ, ಅಜ್ಜಿ ಹ್ಯಾಂಗಿದ್ಲು ಅಂತ. ಹೇಳಾಕ ನನಗ ಬರೂದಿಲ್ಲ. ಮೊದಲ ಇಲ್ಲೇ ಒಂದೀಟು ಗೀಚಿ ತೋರಸ್ರಿ."

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ತಂದುಕೊಟ್ಟಳು. ಹೊಸ್ತಿಲಾಚೆ ಚಕ್ಕಳಮಕ್ಕಳ ಹಾಕಿ ಕುಳಿತು, ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಎಳೆಯತೊಡಗಿದ. ಕೈ ಎಲ್ಲೂ ತಡೆಯಲಿಲ್ಲ. ಹಣೆ, ಮೂಗು, ತುಟಿ ಸರಾಗವಾಗಿ ಇಳಿದವು.

ಚಂದ್ರವ್ವ ಬಗ್ಗಿ ನೋಡಿದಳು. "ಇದು ಯಾರ್ರಿ ಕಾಕಾ?"

"ಯಾರಂದ್ರ? ನಿಮ್ಮತ್ತಿ."

"ಭಾಳ ಚಂದ ಅದಾಳ್ರಿ. ಅತ್ತಿ ಇಷ್ಟು ಚಂದ ಇರ್ಲಿಲ್ಲ."

ನೋಡಿದ. ಕಾಗದದ ಮೇಲೆ ಜಹಗೀರುದಾರನ ಹೆಂಡತಿ ನಗುತ್ತಿದ್ದಳು. ಹಾಳೆಯನ್ನು ಮುದ್ದೆ ಮಾಡಿ ಇನ್ನೊಂದು ತೆಗೆದುಕೊಂಡ. ಈ ಸಲ ಬೇಕೆಂದೇ ಸುಕ್ಕು ಹಾಕಿದ, ಮೂಗು ದಪ್ಪ ಮಾಡಿದ. ಅದೂ ಯಾರೋ ನ್ಯಾಯಾಧೀಶರ ತಾಯಿಯಾಯಿತು. ಕಣ್ಣು ಮುಚ್ಚಿ ಖಾನಾವಳಿಯ ಒಲೆ ನೆನೆದ, ಹೊಗೆ ನೆನೆದ, ರೊಟ್ಟಿಯ ಸಪ್ಪಳವೂ ಕೇಳಿಸಿತು. ಮುಖ ಮಾತ್ರ ಬರಲಿಲ್ಲ. ಇಷ್ಟು ವರ್ಷ ತಾನು ನೆನೆಯುತ್ತಿದ್ದದ್ದು ತನ್ನ ಚಿತ್ರವನ್ನೇ ಹೊರತು ಆ ಮುದುಕಿಯನ್ನಲ್ಲ ಎಂದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂರನೆಯ ಹಾಳೆಗೂ ಚಂದ್ರವ್ವ ಅಲ್ಲವೆಂದು ತಲೆಯಾಡಿಸಿದಳು. ಪೆನ್ಸಿಲ್ಲನ್ನು ಗೋಡೆಗೆ ಬೀಸಿ ಒಗೆದ.

"ಸಿಟ್ಟಾಗಬ್ಯಾಡ್ರಿ. ಇದ್ದಂಗ ಒಯ್ಯಿರಿ ಬೇಕಾದ್ರ."

"ಬ್ಯಾಡ. ಆ ಗ್ವಾಡಿಗೆ ಜಹಗೀರುದಾರನೇ ಸಾಕು."

ದೀಪ ಹಚ್ಚುವ ಹೊತ್ತಾಗಿತ್ತು. ಚಂದ್ರವ್ವ ಅವನ ಎಡಗೈಯಲ್ಲೇ ಉಳಿದಿದ್ದ ಬೆಳ್ಳಿಯ ಕಣ್ಣು ತೆಗೆದುಕೊಂಡಳು. ಅದರ ಅರಗನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಚಿತ್ರದ ಮೇಲೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಇಟ್ಟು ನೋಡಿದಳು.

"ಓರೆ ಆಗೇದೇನ್ರಿ ಕಾಕಾ? ನನಗ ಗೊತ್ತಾಗವಲ್ದು."

ಅವನು ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದ.

"ಎಡಕ್ಕ ತುಗೋ," ಎಂದ. "ಅಷ್ಟ ಬ್ಯಾಡ. ಒಂದೀಟು ಕೆಳಗ. ಅಕಿ ರೊಟ್ಟಿ ಕಡೆ ನೋಡ್ತಿದ್ಲು. ಇನ್ನೂ ಕೆಳಗ... ಹಾಂ, ಅಲ್ಲೇ ಒತ್ತಿ ಹಿಡಿ."

ಚಂದ್ರವ್ವ ಹೆಬ್ಬೆರಳು ಒತ್ತಿ, ಅರಗು ಆರುವವರೆಗೆ ಹಾಗೆಯೇ ನಿಂತಳು.